ರಜೆ ಮುಗಿಯಿತು, ದಿನಚರಿ ಎಲ್ಲಿಂದ ಆರಂಭ?



ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ಕಾಣಿಸಿಕೊಳ್ಳುತ್ತದೆ. ಅಜ್ಜಿಯ ಮನೆಗೆ ಹೋಗಿದ್ದ ಮಕ್ಕಳು ಹಲಸಿನ ಹಪ್ಪಳ, ಮಾವಿನ ಮಿಡಿ ತುಂಬಿದ ಚೀಲಗಳೊಡನೆ ಹಿಂದಿರುಗಿರುತ್ತಾರೆ. ಕಳೆದ ವರ್ಷದ ಸಮವಸ್ತ್ರ ಗಿಡ್ಡವಾಗಿರುತ್ತದೆ. ಪುಸ್ತಕಗಳಿಗೆ ಹೊದಿಕೆ ಹಾಕಬೇಕು, ಕೊಡೆಯ ಮುರಿದ ಕಡ್ಡಿ ಸರಿಪಡಿಸಬೇಕು, ಶಾಲೆಯ ಶುಲ್ಕ ಹೊಂದಿಸಬೇಕು. ಇವೆಲ್ಲ ಹೇಗೋ ನಡೆದುಹೋಗುತ್ತವೆ. ನಡೆಯದೆ ಉಳಿಯುವುದು ಒಂದೇ: ಬೆಳಿಗ್ಗೆ ಏಳುವುದು.

ಶಾಲೆ ತೆರೆದ ಮೊದಲ ಹತ್ತು ದಿನಗಳ ಬೆಳಗನ್ನು ಸ್ವಲ್ಪ ನೆನಪಿಸಿಕೊಳ್ಳಿ. ತಾಯಿ ಅಡುಗೆಮನೆಯಿಂದಲೇ ಕೂಗುತ್ತಾಳೆ. ಮಗು ಮುಸುಕೆಳೆದುಕೊಳ್ಳುತ್ತದೆ. ಎರಡನೆಯ ಕೂಗು, ಮೂರನೆಯ ಕೂಗು, ಆಮೇಲೆ ತಂದೆಯ ಗದರಿಕೆ. ಅರ್ಧ ತಿಂದ ದೋಸೆ ತಟ್ಟೆಯಲ್ಲೇ ಉಳಿಯುತ್ತದೆ, ಒಂದು ಕಾಲುಚೀಲ ಸಿಗುವುದಿಲ್ಲ, ಬಸ್ಸು ತಿರುವಿನಲ್ಲಿ ಹಾರನ್ ಮಾಡುತ್ತದೆ. ಕಣ್ಣೀರಿನೊಡನೆ ಮಗು ಹೊರಡುತ್ತದೆ, ಬೇಸರದೊಡನೆ ತಾಯಿ ಒಳಗೆ ಬರುತ್ತಾಳೆ. ಮನೆಯವರು ಆ ದಿನ ಪರಸ್ಪರ ಆಡಿದ ಮೊದಲ ಹತ್ತು ಮಾತುಗಳಲ್ಲಿ ಒಂದಾದರೂ ಪ್ರೀತಿಯ ಮಾತಾಗಿತ್ತೇ?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕಬೇಡಿ. ವರ್ಷವಿಡೀ ಮನೆಯ ಧ್ವನಿ ಹೇಗಿರಬೇಕೆಂಬುದು ಹೆಚ್ಚಾಗಿ ಈ ಹತ್ತು ಹದಿನೈದು ದಿನಗಳಲ್ಲೇ ನಿಶ್ಚಯವಾಗುತ್ತದೆ. ಆದ್ದರಿಂದ ರಜೆಯಿಂದ ದಿನಚರಿಗೆ ಮರಳುವ ದಾರಿ ಯಾವುದೆಂದು ಈ ವಾರ ಒಟ್ಟಿಗೆ ಕಲಿಯೋಣ.

ರಜೆಯಲ್ಲೂ ಒಂದು ದಿನಚರಿ ಇತ್ತು

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ರಜೆಯಲ್ಲಿ ದಿನಚರಿಯೇ ಇರಲಿಲ್ಲ, ಈಗ ಹೊಸದಾಗಿ ಆರಂಭಿಸಬೇಕು ಎಂದು ನಾವು ಭಾವಿಸುತ್ತೇವೆ. ನಿಜವೆಂದರೆ ರಜೆಯಲ್ಲೂ ದಿನಚರಿ ಇತ್ತು. ಅದು ಬೇರೆಯಾಗಿತ್ತು, ಅಷ್ಟೇ. ರಾತ್ರಿ ಹನ್ನೊಂದೂವರೆಗೆ ಮಲಗುವುದು, ಬೆಳಿಗ್ಗೆ ಎಂಟೂವರೆಗೆ ಏಳುವುದು, ಮಧ್ಯಾಹ್ನ ಮಲಗುವುದು, ಊಟಕ್ಕೆ ಮೊದಲೂ ಆಮೇಲೂ ಟಿ.ವಿ. ಇಲ್ಲವೇ ಮೊಬೈಲ್. ದಿನವೂ ಅದೇ ವೇಳೆಗೆ ಅದೇ ಕೆಲಸ ನಡೆದರೆ ಅದಕ್ಕೆ ದಿನಚರಿ ಎನ್ನದೆ ಇನ್ನೇನೆನ್ನಬೇಕು?

ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಎಣಿಸಿದರೆ 48 ದಿನ. ಇದು ಕಡಿಮೆ ಅವಧಿಯಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರತಿಯೊಬ್ಬರೂ ಒಂದು ಚಿಕ್ಕ ಕೆಲಸವನ್ನು ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ ಅದನ್ನು ಮಾಡಬೇಕಾಗಿತ್ತು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು ತಿನ್ನುವಂತಹ ಕೆಲಸ. ಅದು ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಎಷ್ಟು ದಿನ ಬೇಕಾಯಿತು? ಕೆಲವರಿಗೆ 18 ದಿನ ಸಾಕಾಯಿತು; ಕೆಲವರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ಬಂತು. ನಡುವಿನ ಅಂಕಿ 66 ದಿನ.

ಈ ಲೆಕ್ಕದಿಂದ ನಾವು ಎರಡು ವಿಷಯ ಕಲಿಯಬಹುದು. ಒಂದು, 48 ದಿನಗಳ ರಜೆಯಲ್ಲಿ ತಡವಾಗಿ ಮಲಗುವುದು ಹಲವು ಮಕ್ಕಳಿಗೆ ಆಗಲೇ ರೂಢಿಯಾಗಿರುತ್ತದೆ. ಅದನ್ನು ಒಂದೇ ಬೆಳಿಗ್ಗೆ ಒಂದೇ ಗದರಿಕೆಯಿಂದ ಕೀಳಲಾಗದು. ಎರಡು, ಒಬ್ಬರಿಗೆ ಮೂರು ವಾರ ಸಾಕಾದರೆ ಇನ್ನೊಬ್ಬರಿಗೆ ತಿಂಗಳುಗಳೇ ಬೇಕು. "ಅಕ್ಕ ಬೇಗ ಎದ್ದಳು, ನಿನಗೇನು ಕಷ್ಟ?" ಎಂಬ ಮಾತಿನಲ್ಲಿ ನ್ಯಾಯವಿಲ್ಲ. ಅದೇ ಅಧ್ಯಯನ ಇನ್ನೊಂದು ಸಮಾಧಾನದ ಮಾತನ್ನೂ ಹೇಳುತ್ತದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಮುರಿದುಬೀಳುವುದಿಲ್ಲ. ಮರುದಿನ ಮುಂದುವರಿಸಿದರೆ ಸಾಕು.

ದಾರಿ ಅಳಿದಿಲ್ಲ, ಹುಲ್ಲು ಬೆಳೆದಿದೆ

ರಜೆಗೆ ಮುಂಚೆ ಇದ್ದ ಒಳ್ಳೆಯ ಅಭ್ಯಾಸಗಳು ಎಲ್ಲಿ ಹೋದವು? ಪೂರ್ತಿ ನಾಶವಾದವೇ? ಈ ಪ್ರಶ್ನೆಯನ್ನು 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಎತ್ತಿಕೊಂಡಿದ್ದರು. ಕೆಲಸ ನಿಲ್ಲಿಸಿದ ಮಾತ್ರಕ್ಕೆ ಅಭ್ಯಾಸ ಕುಗ್ಗುತ್ತದೆಯೇ, ಅಳಿಯುತ್ತದೆಯೇ ಎಂದು ಅವರು ತಮ್ಮ 'ಸುಮ್ಮಾ ಥಿಯೊಲಾಜಿಯೆ' ಗ್ರಂಥದಲ್ಲಿ ವಿಚಾರಿಸುತ್ತಾರೆ. ಅವರ ಉತ್ತರದ ಸಾರಾಂಶ ಹೀಗಿದೆ: ಕೆಲಸ ನಿಂತದ್ದು ನೇರವಾಗಿ ಅಭ್ಯಾಸವನ್ನು ಕೊಲ್ಲುವುದಿಲ್ಲ. ಆದರೆ ನಾವು ಕೆಲಸ ಮಾಡುತ್ತಿದ್ದಾಗ ಅದಕ್ಕೆ ವಿರುದ್ಧವಾದ ಒಲವುಗಳು ತಲೆಯೆತ್ತದಂತೆ ಅದು ತಡೆಯುತ್ತಿತ್ತು. ಕೆಲಸ ನಿಂತಾಗ ಆ ತಡೆ ಹೋಗುತ್ತದೆ, ವಿರುದ್ಧ ಒಲವುಗಳು ಬೆಳೆಯುತ್ತವೆ, ಅವು ಅಭ್ಯಾಸವನ್ನು ಕ್ರಮೇಣ ಕುಗ್ಗಿಸುತ್ತವೆ.

ನಮ್ಮ ತೋಟದ ಕಾಲುದಾರಿಯನ್ನು ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಿನವೂ ನಡೆಯುವವರಿದ್ದಾಗ ಅಲ್ಲಿ ಹುಲ್ಲು ಹುಟ್ಟುವುದಿಲ್ಲ. ಎರಡು ಮಳೆ ಬಿದ್ದು, ಎರಡು ವಾರ ಯಾರೂ ನಡೆಯದಿದ್ದರೆ ದಾರಿ ಮುಚ್ಚಿಹೋದಂತೆ ಕಾಣುತ್ತದೆ. ದಾರಿ ಎಲ್ಲೂ ಹೋಗಿರುವುದಿಲ್ಲ. ಅದನ್ನು ಮತ್ತೆ ಕಡಿಯಬೇಕಾಗಿಲ್ಲ, ಮತ್ತೆ ನಡೆಯಬೇಕು.

ಆದ್ದರಿಂದ ಜೂನ್ ತಿಂಗಳಲ್ಲಿ ಮಗುವಿಗೆ "ನೀನು ಸೋಮಾರಿ" ಎಂದು ಹೇಳಬೇಡಿ. ಸೋಮಾರಿ ಎಂಬುದು ಮಗುವಿನ ಹೆಸರಾಗಿಬಿಡುತ್ತದೆ. "ನಮಗೆಲ್ಲರಿಗೂ ರೂಢಿ ತಪ್ಪಿದೆ, ಸೇರಿ ಸರಿಮಾಡಿಕೊಳ್ಳೋಣ" ಎಂದು ಹೇಳಿ. ಎರಡನೆಯ ಮಾತೇ ಹೆಚ್ಚು ಸತ್ಯವಾದದ್ದು.

ದೇಹದೊಳಗಿನ ಗಡಿಯಾರ

ಬೆಳಿಗ್ಗೆ ಏಳಲಾಗದಿರುವುದು ಬರೀ ಮನಸ್ಸಿನ ಹಟವಲ್ಲ ಎಂಬುದನ್ನೂ ಪಾಲಕರು ತಿಳಿದಿರಬೇಕು. ನಮ್ಮ ಮಿದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಹಾದುಹೋಗುವ ಜಾಗದ ಮೇಲೆಯೇ, ಒಂದು ಚಿಕ್ಕ ನರಕೋಶಗಳ ಗುಂಪಿದೆ. ನಿದ್ದೆ, ಎಚ್ಚರ, ದೇಹದ ಉಷ್ಣತೆ ಮುಂತಾದವುಗಳ ವೇಳೆಯನ್ನು ಹೊಂದಿಸುವ ಮುಖ್ಯ ಗಡಿಯಾರ ಅದು. ಜೀವಕೋಶಗಳ ಒಳಗೆ ಈ ಗಡಿಯಾರ ಹೇಗೆ ಓಡುತ್ತದೆಂದು ಕಂಡುಹಿಡಿದದ್ದಕ್ಕಾಗಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮನುಷ್ಯನ ಈ ಗಡಿಯಾರ ಸರಾಸರಿ 24 ಗಂಟೆಗಿಂತ ತುಸು ನಿಧಾನವಾಗಿ ಓಡುತ್ತದೆ. ಆದ್ದರಿಂದ ಬಿಟ್ಟರೆ ಅದು ಹಿಂದೆ ಬೀಳುತ್ತಾ ಹೋಗುತ್ತದೆ. ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ ಎಂದು ನಮಗನ್ನಿಸುವುದಕ್ಕೆ ಇದೂ ಒಂದು ಕಾರಣ. ದಿನದಿನವೂ ಅದನ್ನು ಸರಿಪಡಿಸುವ ಕೈ ಬೆಳಗಿನ ಬೆಳಕು. ರಾತ್ರಿಯ ಪ್ರಖರ ಬೆಳಕು ಇದಕ್ಕೆ ವಿರುದ್ಧವಾಗಿ ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ.

ಇನ್ನು ಹದಿಹರೆಯದ ಮಕ್ಕಳ ವಿಷಯ. ಹನ್ನೆರಡು ಹದಿಮೂರು ವರ್ಷ ದಾಟಿದ ಮೇಲೆ ಈ ಒಳಗಿನ ಗಡಿಯಾರ ಸಹಜವಾಗಿಯೇ ತಡವಾಗುತ್ತದೆ. ಹತ್ತನೆಯ ತರಗತಿಯ ಹುಡುಗನಿಗೆ ರಾತ್ರಿ ಒಂಬತ್ತಕ್ಕೆ ನಿದ್ದೆ ಬರುವುದಿಲ್ಲವೆಂದರೆ ಅದು ನಾಟಕವಾಗಿರಬೇಕೆಂದಿಲ್ಲ. ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ನೀಡಿದ ಸಲಹೆಯಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳಿಗೆ ಇಷ್ಟು ಸಿಗುತ್ತಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಬೆಳಗು ಆರಂಭವಾಗುವುದು ಹಿಂದಿನ ರಾತ್ರಿ

ಈ ತಿಳಿವಳಿಕೆಯನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ಹತ್ತು ವರ್ಷದ ಮಗು ಬೆಳಿಗ್ಗೆ ಆರಕ್ಕೆ ಏಳಬೇಕು ಎಂದಿಟ್ಟುಕೊಳ್ಳಿ. ಕನಿಷ್ಠ ಒಂಬತ್ತು ಗಂಟೆ ನಿದ್ದೆಯಾಗಬೇಕಾದರೆ ಅದು ರಾತ್ರಿ ಒಂಬತ್ತಕ್ಕೆ ಮಲಗಿರಬೇಕು. ರಜೆಯಲ್ಲಿ ಅದು ಮಲಗುತ್ತಿದ್ದದ್ದು ಹನ್ನೊಂದೂವರೆಗೆ. ಅಂತರ ಎರಡೂವರೆ ಗಂಟೆ. ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತಂದರೆ ಹತ್ತು ದಿನ ಬೇಕು. ಆದ್ದರಿಂದ ಶಾಲೆ ತೆರೆಯುವ ಹತ್ತು ದಿನ ಮೊದಲೇ ಈ ಕೆಲಸ ಆರಂಭಿಸುವುದು ಉತ್ತಮ. ದಸರಾ ರಜೆಯೂ ಕ್ರಿಸ್ತಜಯಂತಿ ರಜೆಯೂ ಮುಂದೆ ಬರುತ್ತವೆ. ಆಗಲಾದರೂ ಈ ಲೆಕ್ಕ ನೆನಪಿರಲಿ.

ಶಾಲೆ ಆಗಲೇ ತೆರೆದಿದ್ದರೆ ಏನು ಮಾಡಬೇಕು? ಆಗ ಏಳುವ ವೇಳೆಯನ್ನು ಹಿಡಿಯಿರಿ. ನಿದ್ದೆ ಬರಿಸಿಕೊಳ್ಳುವುದು ಯಾರ ಕೈಯಲ್ಲೂ ಇಲ್ಲ. ಏಳುವುದು, ಏಳಿಸುವುದು ನಮ್ಮ ಕೈಯಲ್ಲಿದೆ. ದಿನವೂ ಒಂದೇ ವೇಳೆಗೆ ಏಳಿಸಿ, ಎದ್ದ ಕೂಡಲೇ ಅಂಗಳಕ್ಕೋ ಜಗಲಿಗೋ ಕರೆತನ್ನಿ. ಮಳೆಗಾಲದ ಮೋಡ ಕವಿದ ಬೆಳಗೂ ಕೋಣೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಸಂಜೆ ಶಾಲೆಯಿಂದ ಬಂದ ಮಗು ಎರಡು ಗಂಟೆ ಮಲಗಿಬಿಟ್ಟರೆ ರಾತ್ರಿಯ ನಿದ್ದೆ ಮತ್ತೆ ಕೆಡುತ್ತದೆ. ಬೇಕಾದರೆ ಇಪ್ಪತ್ತು ನಿಮಿಷ ಒರಗಲಿ. ಭಾನುವಾರ ಸ್ವಲ್ಪ ತಡವಾಗಿ ಏಳುವುದರಲ್ಲಿ ತಪ್ಪಿಲ್ಲ, ಆದರೆ ಒಂದು ಗಂಟೆಗಿಂತ ಹೆಚ್ಚಾದರೆ ವಾರದ ದುಡಿಮೆಯೆಲ್ಲ ಸೋಮವಾರಕ್ಕೆ ನೀರುಪಾಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದೊಡ್ಡವರ ರಾತ್ರಿ. ಮಕ್ಕಳಿಗೆ "ಮಲಗು" ಎಂದು ಹೇಳಿ, ಪಕ್ಕದ ಕೋಣೆಯಲ್ಲಿ ಟಿ.ವಿ.ಯ ಸದ್ದು ಹೆಚ್ಚಿಸುವ ತಂದೆ, ಹಾಸಿಗೆಯಲ್ಲಿ ಮೊಬೈಲಿನ ಬೆಳಕು ಮುಖಕ್ಕೆ ಹಿಡಿದುಕೊಂಡಿರುವ ತಾಯಿ ಏನು ಕಲಿಸುತ್ತಿದ್ದಾರೆ? ಮನೆ ಮಲಗದೆ ಮಗು ಮಲಗುವುದಿಲ್ಲ. ಒಂಬತ್ತಕ್ಕೆ ಮನೆಯ ಎಲ್ಲ ಮೊಬೈಲುಗಳೂ, ದೊಡ್ಡವರದ್ದೂ ಸೇರಿ, ಒಂದು ನಿಶ್ಚಿತ ಜಾಗದಲ್ಲಿ ಇರಲಿ. ಈ ಒಂದು ನಿಯಮವನ್ನು ದೊಡ್ಡವರು ಎರಡು ವಾರ ಪಾಲಿಸಿದರೆ ಬೆಳಗಿನ ಕೂಗಾಟ ಎಷ್ಟು ಕಡಿಮೆಯಾಗುತ್ತದೆಂದು ನೀವೇ ನೋಡಿ.

ಒಂದು ಹಳೆಯ ನಿಯಮದಿಂದ ಮೂರು ಪಾಠ

ಏಳುವುದರ ಕಷ್ಟ ಇಂದಿನದಲ್ಲ. ಸುಮಾರು 1,500 ವರ್ಷಗಳ ಹಿಂದೆ ಇಟಲಿಯಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿ ಬರೆದರು. ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಸೇರಬೇಕಾದ ಜನರಿಗಾಗಿ ಬರೆದ ಈ ನಿಯಮ ಬಹಳ ಕಠಿಣವಾಗಿರಬಹುದೆಂದು ನಾವು ಊಹಿಸುತ್ತೇವೆ. ಓದಿದರೆ ಅಲ್ಲಿ ಆಶ್ಚರ್ಯಪಡುವಷ್ಟು ಮೃದುತ್ವವಿದೆ. ಸಂಸಾರಸ್ಥರಾದ ನಮಗೂ ಅದರಲ್ಲಿ ಮೂರು ಪಾಠಗಳಿವೆ.

ಮೊದಲನೆಯದು, ಒಬ್ಬರನ್ನೊಬ್ಬರು ಮೆಲ್ಲನೆ ಏಳಿಸುವುದು. ನಿದ್ದೆಗಣ್ಣಿನವರು ನೆಪ ಹೇಳುವುದು ಸಹಜವೆಂದು ತಿಳಿದೇ, ಏಳುವಾಗ ಒಬ್ಬರಿಗೊಬ್ಬರು ಮೃದುವಾಗಿ ಪ್ರೋತ್ಸಾಹ ಕೊಡಬೇಕೆಂದು ನಿಯಮ ಹೇಳುತ್ತದೆ. ಎಳೆಯರ ಹಾಸಿಗೆಗಳನ್ನೆಲ್ಲ ಒಂದೇ ಕಡೆ ಹಾಕದೆ ಹಿರಿಯರ ನಡುವೆ ಹಾಕಬೇಕೆಂಬ ಸೂಚನೆಯೂ ಇದೆ. ಹಿರಿಯರು ಎದ್ದರೆ ಎಳೆಯರಿಗೂ ಎಚ್ಚರವಾಗುತ್ತದಲ್ಲವೇ?

ಎರಡನೆಯದು, ತಡವಾದವನಿಗೆ ಅವಕಾಶ. ರಾತ್ರಿಯ ಪ್ರಾರ್ಥನೆಯ ಆರಂಭದ ಕೀರ್ತನೆಯನ್ನು ಬೇಕೆಂದೇ ಬಹಳ ನಿಧಾನವಾಗಿ ಹೇಳಬೇಕು. ತಡವಾಗಿ ಬರುವವರು ಅಷ್ಟರಲ್ಲಿ ಬಂದು ಸೇರಿಕೊಳ್ಳಲಿ ಎಂಬುದು ಅದರ ಉದ್ದೇಶ. ಅದಕ್ಕೂ ತಡವಾದವನಿಗೆ ಶಿಕ್ಷೆಯಿದೆ, ಆದರೆ ಅವನನ್ನು ಹೊರಗೆ ನಿಲ್ಲಿಸುವುದಿಲ್ಲ. ಹೊರಗೆ ನಿಂತರೆ ಅವನು ಹೋಗಿ ಮತ್ತೆ ಮಲಗಿಯಾನು, ಇಲ್ಲವೇ ಹರಟೆಗೆ ಕೂತಾನು. ಒಳಗೆ ಬಂದರೆ ಪೂರ್ತಿ ನಷ್ಟವಾಗುವುದಿಲ್ಲ. ನಮ್ಮ ಮನೆಯ ಬೆಳಗಿನಲ್ಲೂ ಇಂಥ ಒಂದು ಹದಿನೈದು ನಿಮಿಷದ ಬಿಡುವು ಬೇಕು. ಬಸ್ಸು ಏಳೂವರೆಗಾದರೆ ಮನೆಯ ಲೆಕ್ಕದಲ್ಲಿ ಅದು ಏಳೂಕಾಲಿಗೇ ಬರಲಿ. ಕಾಲುಚೀಲ ಹುಡುಕಲು ಸಮಯವಿದ್ದರೆ ಯಾರೂ ಯಾರನ್ನೂ ಬೈಯಬೇಕಾಗಿಲ್ಲ.

ಮೂರನೆಯದು, ಋತುವಿಗೆ ತಕ್ಕಂತೆ ವೇಳೆ. ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಬೆನೆಡಿಕ್ಟರು ನಿದ್ದೆ, ಊಟ, ಕೆಲಸಗಳ ವೇಳೆಯನ್ನು ಬದಲಾಯಿಸುತ್ತಾರೆ. ದಿನಚರಿಯೆಂದರೆ ಕಲ್ಲಿನಲ್ಲಿ ಕೊರೆದ ಅಕ್ಷರವಲ್ಲ. ಜಡಿಮಳೆಯಲ್ಲಿ ಬಟ್ಟೆ ಒಣಗದ ಜುಲೈ ತಿಂಗಳ ವೇಳಾಪಟ್ಟಿ ಜನವರಿಯ ವೇಳಾಪಟ್ಟಿಯಂತೆಯೇ ಇರಬೇಕಾಗಿಲ್ಲ.

ಹೊರೆ ಯಾರ ಹೆಗಲ ಮೇಲೆ?

ಇಲ್ಲಿ ಒಂದು ನೇರವಾದ ಮಾತು ಹೇಳಬೇಕಾಗಿದೆ. ಬಹಳಷ್ಟು ಮನೆಗಳಲ್ಲಿ ದಿನಚರಿ ಎಂಬುದು ತಾಯಿಯೊಬ್ಬಳ ದುಡಿಮೆಯ ಇನ್ನೊಂದು ಹೆಸರು. ಎಲ್ಲರಿಗಿಂತ ಮುಂಚೆ ಏಳುವವಳು, ಎಲ್ಲರನ್ನೂ ಏಳಿಸುವವಳು, ಬುತ್ತಿ ಕಟ್ಟುವವಳು, ಯಾರ ಪುಸ್ತಕ ಎಲ್ಲಿದೆಯೆಂದು ನೆನಪಿಟ್ಟುಕೊಳ್ಳುವವಳು ಅವಳೇ. ಅವಳೂ ಕೆಲಸಕ್ಕೆ ಹೋಗುವವಳಾದರೆ ಹೊರೆ ಇಮ್ಮಡಿ. ರಜೆಯಲ್ಲೂ ಅವಳಿಗೆ ರಜೆ ಇರಲಿಲ್ಲ. ಬಂದ ನೆಂಟರಿಗೆ ಅಡುಗೆ ಮಾಡಿದವರು ಯಾರು?

ಹೊಸ ವೇಳಾಪಟ್ಟಿ ಬರೆಯುವ ಮುನ್ನ ಮನೆಯವರೆಲ್ಲ ಒಂದು ಸಂಜೆ ಕುಳಿತು, ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಯಾರು ಏನು ಮಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ತಾಯಿಯ ಹೆಸರಿನ ಮುಂದೆ ಹನ್ನೆರಡು ಕೆಲಸ, ತಂದೆಯ ಹೆಸರಿನ ಮುಂದೆ ಎರಡು, ಮಗನ ಹೆಸರಿನ ಮುಂದೆ ಸೊನ್ನೆ ಇದ್ದರೆ ಸರಿಪಡಿಸಬೇಕಾದದ್ದು ಯಾವುದೆಂದು ಯಾರೂ ವಿವರಿಸಬೇಕಾಗಿಲ್ಲ. ಹತ್ತು ವರ್ಷದ ಮಗು ತನ್ನ ಚೀಲ ತಾನೇ ರಾತ್ರಿಯೇ ಜೋಡಿಸಬಲ್ಲದು, ನೀರಿನ ಬಾಟಲಿ ತುಂಬಿಸಬಲ್ಲದು. ಹುಡುಗನೂ ಹುಡುಗಿಯಷ್ಟೇ ಚೆನ್ನಾಗಿ ತಟ್ಟೆ ತೊಳೆಯಬಲ್ಲನು. ತಂದೆ ವಾರದಲ್ಲಿ ಮೂರು ದಿನ ಬುತ್ತಿ ಕಟ್ಟಿದರೆ ಅವನ ಮರ್ಯಾದೆಗೇನೂ ಕುಂದಿಲ್ಲ. ಹನಿ ಹನಿ ಕೂಡಿದರೆ ಹಳ್ಳ. ಹೊರೆಯೂ ಹಾಗೆಯೇ, ಸ್ವಲ್ಪ ಸ್ವಲ್ಪ ಹಂಚಿದರೆ ಹಗುರ.

ಹೊಟ್ಟೆನೋವು ಎನ್ನುವ ಮಗು

ಕೆಲವು ಮಕ್ಕಳಿಗೆ ಶಾಲೆಯ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬರುತ್ತದೆ, ಭಾನುವಾರ ಬರುವುದಿಲ್ಲ. "ಸುಳ್ಳು ಹೇಳಬೇಡ" ಎಂದು ಗದರಿಸುವ ಮುನ್ನ ಯೋಚಿಸಿ. ಹೆದರಿದ ಮಗುವಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಹೊಸ ಶಾಲೆಯ ಅಪರಿಚಿತ ಮುಖಗಳು, ಕಳೆದ ವರ್ಷದ ಗೆಳೆಯ ಬೇರೆ ವಿಭಾಗಕ್ಕೆ ಹೋದದ್ದು, ಬಸ್ಸಿನಲ್ಲಿ ಕಾಡುವ ದೊಡ್ಡ ಹುಡುಗರು, ಓದಲು ಕಷ್ಟವಾಗುವ ಅಕ್ಷರಗಳು, ಯಾರದೋ ಕೆಟ್ಟ ನಡತೆ, ಹೀಗೆ ಕಾರಣ ಏನೂ ಇರಬಹುದು. ಶಾಲೆ ತೆರೆದ ಮೊದಲ ವಾರದ ಅಳು ಸಾಮಾನ್ಯ. ಎರಡು ಮೂರು ವಾರವಾದರೂ ನಿಲ್ಲದಿದ್ದರೆ, ಅಥವಾ ಮಗು ಊಟ ನಿದ್ದೆ ಬಿಟ್ಟು ಮಂಕಾದರೆ, ಶಿಕ್ಷಕರನ್ನು ಕಾಣಿರಿ, ವೈದ್ಯರಿಗೆ ತೋರಿಸಿರಿ. ಬೆಳಗಿನ ಗಡಿಬಿಡಿಯಲ್ಲಿ ಕೇಳಿದರೆ ಮಗು ಹೇಳುವುದಿಲ್ಲ; ಸಂಜೆ ಪಕ್ಕದಲ್ಲಿ ಕುಳಿತು ಬಟಾಣಿ ಸುಲಿಯುತ್ತಾ ಕೇಳಿದರೆ ಹೇಳೀತು. ಕೇಳಿಸಿಕೊಳ್ಳುವುದಕ್ಕೂ ದಿನಚರಿಯಲ್ಲಿ ಒಂದು ವೇಳೆ ಇರಬೇಕು.

ದಿನಚರಿ ಯಾರಿಗೆ ಅನ್ನ, ಯಾರಿಗೆ ಅಗಲಿಕೆ

ದಿನಚರಿಯೆಂದರೆ ಬೇಸರದ ಸಂಗತಿಯೆಂದು ಹೇಳುವವರು 2020ನೇ ಇಸವಿಯನ್ನು ನೆನಪಿಸಿಕೊಳ್ಳಲಿ. ಆ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಕರ್ನಾಟಕದಲ್ಲಿ ನಿಯಮಿತ ತರಗತಿಗಳು ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಸುಮಾರು ಹತ್ತೊಂಬತ್ತು ತಿಂಗಳು. ಎದ್ದು ಹೋಗಲು ಒಂದು ಜಾಗವಿಲ್ಲದಿದ್ದರೆ ಮಗುವಿಗೆ ಏನಾಗುತ್ತದೆಂದು ನಾವೆಲ್ಲ ಆಗ ಕಂಡೆವು. 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆಯ ಬಿಸಿಯೂಟವನ್ನೇ ನೆಚ್ಚಿದ ಮನೆಗಳೂ ಇವೆ. ಕೂಲಿಗೆ ಹೋಗುವ ತಾಯಿಗೆ ಶಾಲೆಯ ಗಂಟೆಯೆಂದರೆ ಮಗುವಿಗೆ ಮಧ್ಯಾಹ್ನದ ಬಿಸಿ ಅನ್ನ, ಸಂಜೆಯವರೆಗೆ ಭದ್ರತೆ. ನಿಮ್ಮ ಮಗು ಬೇಸರದಿಂದ ಹೊರಡುವ ಶಾಲೆಗೆ ಹಸಿವಿನಿಂದ ಹೊರಡುವ ಮಗುವೂ ಇದೆ ಎಂದು ನಿಮ್ಮ ಮಗುವಿಗೆ ತಿಳಿಸಿ ಹೇಳಿ.

ಇನ್ನು ಕೆಲವರಿಗೆ ರಜೆ ಮುಗಿಯುವುದೆಂದರೆ ಅಗಲಿಕೆ. ಕೊಲ್ಲಿ ದೇಶದಿಂದ ಒಂದು ತಿಂಗಳ ರಜೆಯಲ್ಲಿ ಬಂದ ತಂದೆ ವಿಮಾನ ಹತ್ತುತ್ತಾನೆ. ಮಗಳು ವಿದ್ಯಾರ್ಥಿನಿಲಯಕ್ಕೆ ಹೊರಡುತ್ತಾಳೆ. ಮೊಮ್ಮಕ್ಕಳ ಗದ್ದಲದಿಂದ ತುಂಬಿದ್ದ ಅಜ್ಜಿಯ ಮನೆಯಲ್ಲಿ ಮತ್ತೆ ಇಬ್ಬರಿಗೆ ಮಾತ್ರ ಅಡುಗೆ. ಈ ಮನೆಗಳಲ್ಲಿ ದಿನಚರಿ ಮರಳುವುದೆಂದರೆ ಮೌನ ಮರಳುವುದು. ನಾವು ನಮ್ಮ ಗಡಿಬಿಡಿಯಲ್ಲಿ ಇವರನ್ನು ಮರೆಯುವುದೇ ಹೆಚ್ಚು. "ಬಿಡುವಾದಾಗ ಫೋನ್ ಮಾಡುತ್ತೇವೆ" ಎಂಬ ಮಾತು ಅಜ್ಜಿಗೆ ಬೇಡ. ಬಿಡುವು ಎಂಬುದು ಎಂದೂ ಆಗುವುದಿಲ್ಲ. "ಬುಧವಾರ, ಭಾನುವಾರ ಸಂಜೆ ಏಳಕ್ಕೆ" ಎಂದು ಹೇಳಿ, ಹಾಗೆಯೇ ಮಾಡಿ. ಅವರು ಆರೂಮುಕ್ಕಾಲಿಗೇ ಫೋನಿನ ಹತ್ತಿರ ಕುಳಿತಿರುತ್ತಾರೆ. ಅವರ ದಿನಕ್ಕೂ ಒಂದು ಆಕಾರ ಬರುತ್ತದೆ. ದೂರದಲ್ಲಿರುವ ತಂದೆಗೂ ಇದೇ ಮಾತು ಅನ್ವಯಿಸುತ್ತದೆ.

ಧರ್ಮಸಭೆಯೂ ಮರಳುತ್ತದೆ

ಪಾಸ್ಖ ಕಾಲದ ಐವತ್ತು ದಿನಗಳ ಸಂಭ್ರಮ ಪೆಂತೆಕೋಸ್ತ್ ಹಬ್ಬದೊಡನೆ ಮುಗಿದು, ಮರುದಿನವೇ ಧರ್ಮಸಭೆ ಸಾಧಾರಣ ಕಾಲಕ್ಕೆ ಮರಳುತ್ತದೆ. 2025ರಲ್ಲಿ ಅದು ಜೂನ್ 9ರಂದು ಆಯಿತು, ಅಂದರೆ ಶಾಲೆ ತೆರೆದು ಹನ್ನೊಂದು ದಿನಗಳ ಮೇಲೆ. ಬಲಿಪೀಠದ ಬಿಳಿ ಬಟ್ಟೆ ಕೆಂಪಾಗಿ, ಮತ್ತೆ ಹಸಿರಾಗುತ್ತದೆ. ವರ್ಷದ 52 ವಾರಗಳಲ್ಲಿ 33 ಅಥವಾ 34 ವಾರಗಳು ಈ ಹಸಿರಿನವು. ಹಬ್ಬಗಳ ಹೆಸರಿಲ್ಲದ, ಬರೀ ಎಣಿಕೆಯಿಂದ ಕರೆಯುವ ವಾರಗಳು: ಹತ್ತನೆಯ ವಾರ, ಹನ್ನೊಂದನೆಯ ವಾರ. ಯೇಸುಸ್ವಾಮಿಯ ಬದುಕಿನಲ್ಲೂ ಬಹುಪಾಲು ವರ್ಷಗಳು ನಜರೇತಿನ ಒಂದು ಮನೆಯಲ್ಲಿ, ಒಂದು ಬಡಗಿಯ ಕೆಲಸದಲ್ಲಿ ಹೀಗೆಯೇ ಕಳೆದವು. ನಮ್ಮ ಬಾಳಿನ ಹೆಚ್ಚಿನ ಭಾಗವೂ ಇಂಥ ಹೆಸರಿಲ್ಲದ ವಾರಗಳೇ. ಮಕ್ಕಳು ದೊಡ್ಡವರಾಗುವುದು ಆ ವಾರಗಳಲ್ಲಿ.

ಸಂಜೆಯ ಕುಟುಂಬ ಪ್ರಾರ್ಥನೆ ರಜೆಯಲ್ಲಿ ತಪ್ಪಿಹೋಗಿದ್ದರೆ, ಪೂರ್ತಿ ಜಪಸರದಿಂದಲೇ ಆರಂಭಿಸಬೇಕೆಂದು ಹಟ ಹಿಡಿಯಬೇಡಿ. ಒಂದು ದಶಕ ಸಾಕು, ಆದರೆ ವೇಳೆ ತಪ್ಪದಿರಲಿ. ರೂಢಿ ಬಂದ ಮೇಲೆ ಉಳಿದ ನಾಲ್ಕು ದಶಕಗಳನ್ನು ಸೇರಿಸುವುದು ಕಷ್ಟವಲ್ಲ.

ಈ ವಾರದ ಅಭ್ಯಾಸ

1. ಏಳುವ ವೇಳೆ, ಮೊಬೈಲ್ ಇಡುವ ವೇಳೆ ಇವೆರಡನ್ನು ಮಾತ್ರ ನಿಶ್ಚಯಿಸಿರಿ. ಹತ್ತು ನಿಯಮ ಮಾಡಿ ಒಂಬತ್ತು ಮುರಿಯುವುದಕ್ಕಿಂತ ಎರಡು ಮಾಡಿ ಎರಡೂ ಪಾಲಿಸುವುದು ಮೇಲು.

2. ಸಮವಸ್ತ್ರ, ಪುಸ್ತಕದ ಚೀಲ, ಕೊಡೆ ಇವು ರಾತ್ರಿ ಮಲಗುವ ಮುನ್ನವೇ ಬಾಗಿಲ ಬಳಿ ಇರಲಿ.

3. ರಜೆಯ ಒಂದು ಒಳ್ಳೆಯ ಸಂಗತಿಯನ್ನು ಉಳಿಸಿಕೊಳ್ಳಿರಿ. ಅಜ್ಜನ ಜೊತೆ ಆಡುತ್ತಿದ್ದ ಚೌಕಾಬಾರಾ, ಜಗಲಿಯ ಮೇಲಿನ ಕತೆ, ಎಲ್ಲರೂ ಸೇರಿ ಉಣ್ಣುತ್ತಿದ್ದ ರಾತ್ರಿಯೂಟ, ಯಾವುದಾದರೂ ಸರಿ. ವಾರಕ್ಕೊಂದು ಸಂಜೆ ಅದಕ್ಕೆ ಮೀಸಲಿರಲಿ.

4. ಒಂದು ದಿನ ತಪ್ಪಿದರೆ ಆ ದಿನದ ಬಗ್ಗೆ ರಾತ್ರಿ ವಿಚಾರಣೆ ನಡೆಸಬೇಡಿ. ಮರುದಿನ ಮುಂದುವರಿಸಿರಿ.

ಮನೆಯವರೆಲ್ಲ ಕೂಡಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ಯಾವುದು? ಅದನ್ನು ಯಾರು ಆಡುತ್ತಾರೆ?

2. ಬೆಳಗಿನ ಕೆಲಸಗಳಲ್ಲಿ ತಾಯಿಯ ಪಾಲಿನಿಂದ ನಾನು ತೆಗೆದುಕೊಳ್ಳಬಹುದಾದ ಒಂದು ಕೆಲಸ ಯಾವುದು? (ತಂದೆಯೂ ಮಕ್ಕಳೂ ಪ್ರತ್ಯೇಕವಾಗಿ ಉತ್ತರಿಸಲಿ.)

3. ನಮ್ಮ ರಜೆ ಮುಗಿದದ್ದರಿಂದ ಒಂಟಿಯಾದವರು ಯಾರು? ಅವರಿಗೆ ನಾವು ಯಾವ ದಿನ, ಎಷ್ಟು ಗಂಟೆಗೆ ಫೋನ್ ಮಾಡುತ್ತೇವೆ?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಮೊದಲ ಫೋನನ್ನು ಇಂದೇ ಮಾಡಬಹುದು.